ಹೊಸ ಬಣ್ಣದ ಹಿಂದಿನ ತೇವ: ಹಳೆಯ ಮನೆಯೊಂದರ ಬೂಷ್ಟು ತಪಾಸಣೆ

ಮನೆಗೆ ಸುಮಾರು 40 ವರ್ಷ. ಇಟ್ಟಿಗೆ ಗೋಡೆ, ಕೆಳಗೊಂದು ಮೇಲೊಂದು ಅಂತಸ್ತು, ಅದರ ಮೇಲೆ ತಾರಸಿ. ಮಾಲೀಕರು ಬೇರೆ ಕಡೆ ಹೋಗಿ ಕೆಲವು ತಿಂಗಳಾಗಿತ್ತು. ಆಗಿನಿಂದ ಮನೆಗೆ ಬೀಗ. ಕೊಳ್ಳಲು ಹೊರಟವರು ಗಂಡ, ಹೆಂಡತಿ ಮತ್ತು ಅವರ ಏಳು ವರ್ಷದ ಮಗ. ಹುಡುಗನಿಗೆ ಉಬ್ಬಸ. ಹಾಗಾಗಿ ಮುಂಗಡ ಕೊಡುವ ಮುಂಚೆ ಬೂಷ್ಟು ಇದೆಯಾ ಅಂತ ನೋಡಿಕೊಡಿ ಎಂದು ನನ್ನನ್ನು ಕರೆದರು. ಹಳೆಯ ಮನೆಗಳನ್ನು ನೋಡಿ ವರದಿ ಕೊಡುವುದು ನನ್ನ ಕೆಲಸ.

ಹೆಂಡತಿ ಮೇಲಿನ ಬಚ್ಚಲುಮನೆಯ ಚಾವಣಿಯಲ್ಲಿ ಕಪ್ಪು ಚುಕ್ಕೆಗಳನ್ನು ಕಂಡಿದ್ದರು. "ಸಾರ್, ಇದು ಬ್ಲ್ಯಾಕ್ ಮೋಲ್ಡ್ ಅಲ್ವಾ? ಇದು ಬಂದ ಮನೆ ಕೈಬಿಡೋದೇ ವಾಸಿ ಅಂತಾರೆ" ಎಂದರು. ಗಂಡನಿಗೆ ಹಾಲ್‌ನ ಗೋಡೆ ಬುಡದಲ್ಲಿದ್ದ ಬಿಳಿ ಪುಡಿಯ ಚಿಂತೆ. ಕೆಳಗಿನ ದೊಡ್ಡ ಮಲಗುವ ಕೋಣೆ ಬಗ್ಗೆ ಮಾತ್ರ ಇಬ್ಬರಿಗೂ ಅನುಮಾನ ಇರಲಿಲ್ಲ. ಹೊಸ ಬಣ್ಣ ಕಾಣುತ್ತಿತ್ತು. ಬೆಳಕು ಚೆನ್ನಾಗಿತ್ತು. ಒಂದು ಗೋಡೆಯ ಉದ್ದಕ್ಕೂ ವಾರ್ಡ್‌ರೋಬ್ ಇತ್ತು. ಮಗನಿಗೆ ಇದೇ ಕೋಣೆ ಅಂತ ಆಗಲೇ ಮಾತಾಡಿಕೊಂಡಿದ್ದರು.

ಮೊದಲೇ ಹೇಳಿಬಿಡುತ್ತೇನೆ: ತೊಂದರೆ ಇದ್ದದ್ದು ಆ ಕೋಣೆಯಲ್ಲಿ. ಉಳಿದ ಎರಡೂ ಸಣ್ಣ ವಿಷಯಗಳು. ಇಂಥ ಅದಲುಬದಲು ಹಳೆಯ ಮನೆಗಳಲ್ಲಿ ಸಾಮಾನ್ಯ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು.

ತೇವ ಮತ್ತು ಉಬ್ಬಸ

ಬೂಷ್ಟಿನ ಬೀಜಕಣಗಳು ಎಲ್ಲ ಮನೆಯ ಗಾಳಿಯಲ್ಲೂ ಇರುತ್ತವೆ. ಅವು ಒಂದೂ ಇಲ್ಲದ ಮನೆ ಅಂತ ಯಾವುದೂ ಇಲ್ಲ. ಕಾಗದ, ಮರ, ಬಟ್ಟೆ, ಕೊನೆಗೆ ಗೋಡೆಯ ಮೇಲಿನ ಧೂಳು, ಏನು ಸಿಕ್ಕರೂ ಅವಕ್ಕೆ ಆಹಾರ. ಜನ ಬದುಕುವ ಬೆಚ್ಚಗಿನ ಕೋಣೆ ಅವಕ್ಕೂ ಹಿತ. ನಮ್ಮ ಕೈಯಲ್ಲಿರುವುದು ತೇವವನ್ನು ತಡೆಯುವುದೊಂದೇ. ನೆನೆದ ವಸ್ತು 24ರಿಂದ 48 ಗಂಟೆಯೊಳಗೆ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಹುಟ್ಟುವುದಿಲ್ಲ. ಒಣಗದೆ ಹಾಗೇ ಉಳಿದರೆ ಬೇರೆ ಏನೂ ಬೇಕಿಲ್ಲ, ಬೂಷ್ಟು ಬಂದೇ ಬರುತ್ತದೆ. ಆದ್ದರಿಂದ ಮನೆ ನೋಡಲು ಹೋದಾಗ ನಾನು ಹುಡುಕುವುದು ನೀರನ್ನು. ನೀರಿನ ದಾರಿ ಸಿಕ್ಕರೆ ಬೂಷ್ಟು ಎಲ್ಲಿರಬಹುದು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಆರೋಗ್ಯದ ವಿಷಯದಲ್ಲಿ ಜನ ಎರಡು ಅತಿಗೆ ಹೋಗುತ್ತಾರೆ. "ಏನೂ ಆಗಲ್ಲ ಬಿಡಿ" ಅನ್ನುವವರು ಒಂದು ಕಡೆ, "ಕಪ್ಪು ಬೂಷ್ಟು ಕಂಡರೆ ಪ್ರಾಣಕ್ಕೇ ಅಪಾಯ" ಅನ್ನುವವರು ಇನ್ನೊಂದು ಕಡೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಈ ಬಗ್ಗೆ ದೊಡ್ಡ ವರದಿಗಳನ್ನು ಕೊಟ್ಟಿವೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಮೂಗು-ಗಂಟಲಿನ ತೊಂದರೆ, ಕೆಮ್ಮು, ಎದೆಯಲ್ಲಿ ಸಿಳ್ಳೆಯಂಥ ಉಸಿರು ಜಾಸ್ತಿ, ಉಬ್ಬಸ ಇರುವವರಿಗೆ ಅದು ಕೆರಳುತ್ತದೆ ಅನ್ನುವುದಕ್ಕೆ ಸಾಕಷ್ಟು ಆಧಾರ ಅವುಗಳಲ್ಲಿದೆ. ಆರೋಗ್ಯವಾಗಿರುವ ದೊಡ್ಡವರಿಗೆ ಅದೇ ಮನೆಯಲ್ಲಿ ಏನೂ ಅನ್ನಿಸದೆಯೂ ಇರಬಹುದು. ಈ ಮನೆಗೆ ಬರಲಿದ್ದವನು ಉಬ್ಬಸ ಇರುವ ಮಗು. ಹಾಗಾಗಿ ನನ್ನ ಅಳತೆಗೋಲು ಇಲ್ಲಿ ಬಿಗಿಯಾಗಿಯೇ ಇರಬೇಕಿತ್ತು. ಮಗುವಿನ ವೈದ್ಯರ ಹತ್ತಿರವೂ ಒಂದು ಮಾತು ಕೇಳಿ ಅಂತ ಮೊದಲ ದಿನವೇ ಹೇಳಿದೆ. ಗೋಡೆ ಬಗ್ಗೆ ನಾನು ಹೇಳಬಲ್ಲೆ, ಹುಡುಗನ ಎದೆ ಬಗ್ಗೆ ಅವರೇ ಹೇಳಬೇಕು.

ಬೀಗ ತೆಗೆದಾಗ

ನಾನು ಮಾರುವವರಿಗೆ ಮುಂಚೆಯೇ ಒಂದು ಕೋರಿಕೆ ಕಳಿಸಿದ್ದೆ: ಹಿಂದಿನ ದಿನ ಕಿಟಕಿ ತೆರೆಯಬೇಡಿ, ಸುವಾಸನೆಯ ಸ್ಪ್ರೇ ಹೊಡೆಯಬೇಡಿ, ಎಲ್ಲ ಕೋಣೆಗಳ ಬಾಗಿಲು ಮುಚ್ಚಿಡಿ. ಒಳ್ಳೆಯ ಉದ್ದೇಶದಿಂದಲೇ ಜನ ಮನೆಯನ್ನು ಗಾಳಿಗೆ ಬಿಟ್ಟು ಘಮಘಮ ಮಾಡಿ ಇಟ್ಟಿರುತ್ತಾರೆ. ಆಗ ಮೂಗಿಗೆ ಕೆಲಸವೇ ಉಳಿಯುವುದಿಲ್ಲ. ಮೂಗಿಗೂ ಒಂದು ಮಿತಿ ಇದೆ. ಯಾವ ವಾಸನೆಯಾದರೂ ಕೆಲವು ನಿಮಿಷದಲ್ಲಿ ಒಗ್ಗಿಹೋಗುತ್ತದೆ. ಅದಕ್ಕೇ ಒಂದು ಕೋಣೆ ನೋಡಿ, ಹೊರಗೆ ಬಂದು ಸ್ವಲ್ಪ ಹೊತ್ತು ನಿಂತು, ಆಮೇಲೆ ಮುಂದಿನ ಕೋಣೆಗೆ ಹೋಗುವುದು ನನ್ನ ರೂಢಿ.

ಕೆಳಗಿನ ಮಲಗುವ ಕೋಣೆಯ ಬಾಗಿಲು ತೆಗೆದಾಗ ಮೊದಲು ಬಂದದ್ದು ಹೊಸ ಬಣ್ಣದ ವಾಸನೆ. ಅದರ ಅಡಿಯಲ್ಲಿ ಸಣ್ಣಗೆ ಮುಗ್ಗುಲು ವಾಸನೆ, ಒದ್ದೆ ರಟ್ಟನ್ನು ಕಟ್ಟಿಟ್ಟ ಹಾಗೆ. ಗಂಡನಿಗೆ ಅದು ಗೊತ್ತಾಗಲಿಲ್ಲ. ಹೆಂಡತಿ ಬಾಗಿಲಲ್ಲೇ ನಿಂತು "ಏನೋ ಇದೆ" ಅಂದರು. ವಾರ್ಡ್‌ರೋಬಿನ ಬಾಗಿಲು ತೆಗೆದಾಗ ವಾಸನೆ ಜಾಸ್ತಿಯಾಯಿತು. ಅಲ್ಲಿಗೆ ಎಲ್ಲಿ ಹೆಚ್ಚು ಹೊತ್ತು ಕಳೆಯಬೇಕು ಅನ್ನುವುದು ನನಗೆ ಸ್ಪಷ್ಟವಾಯಿತು. ಆದರೂ ಇಡೀ ಮನೆ ನೋಡದೆ ಒಂದೇ ಕಡೆ ಕೂರುವುದು ಸರಿಯಲ್ಲ. ಮೊದಲು ಅವರ ಎರಡು ಹೆದರಿಕೆಗಳನ್ನು ಮುಗಿಸಿಕೊಂಡೆ.

ಕಪ್ಪು ಚುಕ್ಕೆ, ಬಿಳಿ ಪುಡಿ

ಮೇಲಿನ ಬಚ್ಚಲುಮನೆಯ ಕಪ್ಪು ಚುಕ್ಕೆಗಳು ಬೂಷ್ಟೇ, ಅನುಮಾನ ಇಲ್ಲ. ಆದರೆ ಚಾವಣಿಯ ಒಳಗೆ ತೇವ ಇರಲಿಲ್ಲ. ಅದರ ಮೇಲಿನ ತಾರಸಿಯಲ್ಲೂ ಬಿರುಕು ಇರಲಿಲ್ಲ. ಕಾರಣ ಕಣ್ಣೆದುರೇ ಇತ್ತು. ಎಗ್ಸಾಸ್ಟ್ ಫ್ಯಾನ್ ಇಲ್ಲ, ಇದ್ದ ಒಂದು ಸಣ್ಣ ಕಿಟಕಿ ಬಣ್ಣ ಮೆತ್ತಿಕೊಂಡು ಅಂಟಿಹೋಗಿತ್ತು. ಬಿಸಿನೀರಿನ ಆವಿ ಹೊರಗೆ ಹೋಗಲು ದಾರಿ ಇಲ್ಲದೆ ಚಾವಣಿಗೆ ತಾಗಿ ನೀರಾಗುತ್ತಿತ್ತು. ಒಟ್ಟು ಎರಡು ಅಂಗೈ ಅಗಲದ ಜಾಗ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ ಪ್ರಕಾರ ಸುಮಾರು 10 ಚದರ ಅಡಿಗಿಂತ ಕಡಿಮೆ ಇರುವ ಬೂಷ್ಟನ್ನು ಸಾಮಾನ್ಯವಾಗಿ ಮನೆಯವರೇ ತೊಳೆದುಕೊಳ್ಳಬಹುದು. ಕೈಗವಸು, ಎನ್95 ಮಾಸ್ಕ್, ಸೋಪಿನ ನೀರು, ಆಮೇಲೆ ಪೂರ್ತಿ ಒಣಗಿಸುವುದು. ಕಿಟಕಿ ಬಿಡಿಸಿ ಫ್ಯಾನ್ ಹಾಕಿಸಿದರೆ ಅದು ಮರಳಿ ಬರಲು ಕಾರಣ ಇರುವುದಿಲ್ಲ.

ಬಣ್ಣ ಕಪ್ಪು ಅನ್ನುವುದರಿಂದ ಏನೂ ತಿಳಿಯುವುದಿಲ್ಲ ಅಂತ ಆ ತಾಯಿಗೆ ಬಿಡಿಸಿ ಹೇಳಿದೆ. ಜನ ಹೆದರುವ ಸ್ಟ್ಯಾಕಿಬೋಟ್ರಿಸ್ ಅನ್ನುವ ಬೂಷ್ಟು ಕಪ್ಪು-ಹಸಿರು, ನಿಜ. ಅದಕ್ಕೆ ಬಹಳ ಕಾಲ ನೆನೆದೇ ಇರುವ ಕಾಗದ, ರಟ್ಟು, ಜಿಪ್ಸಂ ಹಲಗೆಯಂಥವು ಬೇಕು. ಬಚ್ಚಲಿನ ಚಾವಣಿ, ಕಿಟಕಿ ಚೌಕಟ್ಟಿನಲ್ಲಿ ಕಪ್ಪಗೆ ಕಾಣುವುದು ಹೆಚ್ಚಾಗಿ ಕ್ಲಾಡೊಸ್ಪೋರಿಯಮ್‌ನಂಥ ಬೇರೆ ಜಾತಿಗಳು. ಅಷ್ಟಕ್ಕೂ ಯಾವ ಜಾತಿಯಾದರೂ ಮಾಡಬೇಕಾದ ಕೆಲಸ ಒಂದೇ: ನೀರು ನಿಲ್ಲಿಸು, ಬೂಷ್ಟು ತೆಗೆ, ಒಣಗಿಸು.

ಹಾಲ್‌ನ ಬಿಳಿ ಪುಡಿಯ ಮೇಲೆ ಒಂದು ಹನಿ ನೀರು ಹಾಕಿದೆ. ಕರಗಿಹೋಯಿತು. ಅದು ಗೋಡೆ ಬಿಟ್ಟ ಉಪ್ಪು. ಬೂಷ್ಟು ಹಾಗೆ ನೀರಲ್ಲಿ ಕರಗುವುದಿಲ್ಲ. ಬೆರಳಲ್ಲಿ ಉಜ್ಜಿದರೂ ವ್ಯತ್ಯಾಸ ತಿಳಿಯುತ್ತದೆ, ಉಪ್ಪು ಹರಳು ಹರಳಾಗಿರುತ್ತದೆ, ಬೂಷ್ಟು ಮೆತ್ತಗೆ ಹತ್ತಿಯಂತಿರುತ್ತದೆ ಅಥವಾ ಮಸಿಯಂತೆ ಹರಡುತ್ತದೆ. ಉಪ್ಪು ತುಂಬಿದ ಆ ಪಟ್ಟಿಯಲ್ಲಿ ಬೂಷ್ಟು ಬೆಳೆಯುವುದೂ ಕಡಿಮೆ. ಹಾಗಂತ ಅದನ್ನು ಬಿಟ್ಟುಬಿಡಲಿಲ್ಲ. ಉಪ್ಪು ಬಂದಿದೆ ಅಂದರೆ ಗೋಡೆಯೊಳಗೆ ನೀರು ಓಡಾಡಿದೆ. ಹೊರಗೆ ಹೋಗಿ ನೋಡಿದರೆ, ವರ್ಷಗಳಿಂದ ಅಂಗಳಕ್ಕೆ ಮಣ್ಣು ಹಾಕಿ ಹಾಕಿ ಅದು ಒಳಗಿನ ನೆಲದ ಮಟ್ಟಕ್ಕೇ ಬಂದಿತ್ತು. ಮಣ್ಣಿನ ತೇವ ಇಟ್ಟಿಗೆಗೆ ಏರುತ್ತಿತ್ತು. ಮಣ್ಣು ತೆಗೆಸಿ, ನೀರು ಮನೆಯಿಂದ ಆಚೆ ಹರಿಯುವಂತೆ ಇಳಿಜಾರು ಮಾಡಿಸಿ ಅಂತ ವರದಿಯಲ್ಲಿ ಬರೆದೆ. ದೊಡ್ಡ ಕೆಲಸವಲ್ಲ.

ಚೆನ್ನಾಗಿ ಕಂಡ ಕೋಣೆ

ಈಗ ಕೆಳಗಿನ ಕೋಣೆಗೆ ಬರೋಣ.

ನಾಲ್ಕು ಗೋಡೆಗಳಲ್ಲಿ ಮೂರಕ್ಕೆ ಒಂದೇ ಕೈ ಹಳೆಯ ಬಣ್ಣ, ಸ್ವಲ್ಪ ಮಾಸಿದ್ದು. ವಾರ್ಡ್‌ರೋಬ್ ಇದ್ದ ಗೋಡೆಗೆ ಮಾತ್ರ ಪುಟ್ಟಿ ಹಾಕಿ ಹೊಸ ಬಣ್ಣ. ಮಾರುವ ಮನೆಗೆ ಬಣ್ಣ ಹೊಡೆಸುವುದು ತಪ್ಪೇನಲ್ಲ. ಆದರೆ ಮನೆಯಲ್ಲಿ ಒಂದೇ ಗೋಡೆಗೆ ಬಣ್ಣ ಆಗಿದ್ದರೆ ಆ ಗೋಡೆಯ ಹತ್ತಿರ ನಿಂತು ಕೇಳಬೇಕು: ಇದಕ್ಕೆ ಮಾತ್ರ ಯಾಕೆ?

ನಾನು ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಅಡ್ಡ ಬೆಳಕು ಬಿಟ್ಟೆ. ನೇರ ಬೆಳಕಲ್ಲಿ ನುಣ್ಣಗೆ ಕಾಣುವ ಗೋಡೆ ಅಡ್ಡ ಬೆಳಕಲ್ಲಿ ತನ್ನ ಏರುತಗ್ಗೆಲ್ಲ ತೋರಿಸುತ್ತದೆ. ಮೊಣಕಾಲೆತ್ತರದಲ್ಲಿ ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಸ್ವಿಚ್‌ಬೋರ್ಡಿನ ಕೆಳಗಿನ ಎರಡು ಸ್ಕ್ರೂಗಳಿಗೆ ತುಕ್ಕು, ಮೇಲಿನ ಎರಡು ಹೊಳೆಯುತ್ತಿದ್ದವು. ನೆಲದಂಚಿನ ಪಟ್ಟಿ ಗೋಡೆಯಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು. ಬಣ್ಣ ಹೊಡೆಯುವವರು ಗೋಡೆ ಬಳಿಯುತ್ತಾರೆ, ಸ್ಕ್ರೂ ಬದಲಾಯಿಸುವುದಿಲ್ಲ. ಹಾಗಾಗಿ ನಾನು ಯಾವಾಗಲೂ ಸ್ಕ್ರೂ, ಕೀಲು, ಮೊಳೆತಲೆ, ಪಟ್ಟಿಯ ಸಂದು ಇವನ್ನೇ ಮೊದಲು ನೋಡುವುದು.

ವಾರ್ಡ್‌ರೋಬಿನ ಕೆಳಗಿನ ಡ್ರಾಯರ್ ಪೂರ್ತಿ ಹೊರಗೆ ಎಳೆದೆ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಯಾವುದನ್ನೂ ಕೆಡಿಸಿದಂತೆಯೂ ಅಲ್ಲ. ಮನೆ ನೋಡಲು ಹೋಗುವವರು ಇದೊಂದನ್ನು ಮಾಡಿದರೂ ಸಾಕು, ಎಷ್ಟೋ ಗೊತ್ತಾಗುತ್ತದೆ. ಡ್ರಾಯರ್ ಇದ್ದ ಖಾಲಿಯಲ್ಲಿ ತಲೆ ಹಾಕಿ ಟಾರ್ಚ್ ಬಿಟ್ಟರೆ ಹಿಂಬದಿಯ ಪ್ಲೈವುಡ್ ಹಲಗೆಯ ಬುಡ ಕಂಡಿತು. ಪದರಗಳು ಬಿಟ್ಟುಕೊಂಡು ಪುಸ್ತಕದ ಹಾಳೆಯ ಹಾಗೆ ಬಿರಿದಿದ್ದವು. ಅವುಗಳ ಅಂಚಿನಲ್ಲಿ ಬೂದು-ಹಸಿರು ಬೂಷ್ಟು, ನವಿರಾದ ಕೂದಲಿನಂತೆ ಎದ್ದು ನಿಂತಿತ್ತು. ಉಸಿರು ತಾಗಿದರೆ ಅಲುಗುವಷ್ಟು ಹಗುರ. ಅಂಥ ಜಾಗಕ್ಕೆ ಮಾಸ್ಕ್ ಇಲ್ಲದೆ ತಲೆ ಹಾಕಬಾರದು. ಪಕ್ಕದಲ್ಲಿ ಹುಡುಗ ಆಡುತ್ತಿದ್ದ. ಅವನನ್ನು ಹೊರಗೆ ಕರೆದುಕೊಂಡು ಹೋಗಿ ಅಂತ ತಾಯಿಗೆ ಹೇಳಿದೆ.

ತೇವದ ಮೀಟರ್ ತೆಗೆದೆ. ಎರಡು ಸೂಜಿ ಚುಚ್ಚಿ ನೋಡುವ ಸಾಮಾನ್ಯ ಮೀಟರ್ ಇದು. ಎರಡು ಸೂಜಿಗಳ ನಡುವೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದರಿಂದ ಮರದ ತೇವ ಲೆಕ್ಕ ಹಾಕುತ್ತದೆ. ಮರಕ್ಕೆ ಅದು ತೋರಿಸುವ ಶೇಕಡಾವಾರು ಅಂಕಿ ನಂಬಬಹುದು. ಗಾರೆ, ಇಟ್ಟಿಗೆಯ ಮೇಲೆ ತೋರಿಸುವ ಅಂಕಿಯನ್ನು ಶೇಕಡಾ ಅಂತ ಓದಬಾರದು, ಒಣ ಜಾಗಕ್ಕೂ ಅನುಮಾನದ ಜಾಗಕ್ಕೂ ಹೋಲಿಸಲು ಮಾತ್ರ ಬಳಸಬೇಕು. ಉಪ್ಪಿರುವ ಗೋಡೆಯಲ್ಲಂತೂ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಹಾಗಾಗಿ ಮನೆಯ ಎಲ್ಲ ಬಾಗಿಲು ಚೌಕಟ್ಟುಗಳನ್ನೂ ಅಳೆದೆ. ಬೇರೆ ಕೋಣೆಗಳ ಮರದಲ್ಲಿ 11-12 ಶೇಕಡಾ ಬಂತು. ವಾರ್ಡ್‌ರೋಬಿನ ನೆಟ್ಟಗಿನ ಮರದ ಪಟ್ಟಿಯ ಬುಡದಲ್ಲಿ 27. ಮರದಲ್ಲಿ 20 ದಾಟಿದರೆ ಬೂಷ್ಟಿಗೂ, ಬರಬರುತ್ತಾ ಕೊಳೆಯುವುದಕ್ಕೂ ದಾರಿ ಆದಂತೆ. ಅದೇ ಪಟ್ಟಿಯ ಮೇಲ್ತುದಿಯಲ್ಲಿ 14. ಅಂದರೆ ತೇವ ಕೆಳಗಿದೆ, ಮೇಲಕ್ಕೆ ಹೋದಂತೆ ಕಡಿಮೆಯಾಗುತ್ತಿದೆ.

ಕೆಲವರು ಥರ್ಮಲ್ ಕ್ಯಾಮೆರಾ ತಂದು ಬಣ್ಣಬಣ್ಣದ ಚಿತ್ರ ತೋರಿಸಿ "ಇದು ಬೂಷ್ಟು" ಅನ್ನುತ್ತಾರೆ. ಆ ಕ್ಯಾಮೆರಾಕ್ಕೆ ಬೂಷ್ಟು ಕಾಣುವುದಿಲ್ಲ, ನೀರೂ ಕಾಣುವುದಿಲ್ಲ. ತಣ್ಣಗಿರುವ ಜಾಗ ಕಾಣುತ್ತದೆ ಅಷ್ಟೇ. ತಣ್ಣಗಿರಲು ನೂರು ಕಾರಣ ಇರಬಹುದು. ಅದು ತೋರಿಸಿದ ಕಡೆ ಮೀಟರ್ ಇಟ್ಟು ನೋಡಿದ ಮೇಲಷ್ಟೇ ಮಾತಾಡಬೇಕು.

ನೀರು ಎಲ್ಲಿಂದ?

ನನ್ನ ಮಟ್ಟಿಗೆ ಇಡೀ ತಪಾಸಣೆಯ ತಿರುಳು ಈ ಪ್ರಶ್ನೆ. ಬೂಷ್ಟು ಇದೆ ಅಂತ ಹೇಳಿ ಕೈತೊಳೆದುಕೊಂಡರೆ ಕೊಳ್ಳುವವರಿಗೆ ಏನೂ ಸಹಾಯ ಆಗುವುದಿಲ್ಲ. ನೀರು ಎಲ್ಲಿಂದ ಬರುತ್ತಿದೆ, ಅದನ್ನು ನಿಲ್ಲಿಸಲು ಆಗುತ್ತದಾ ಅನ್ನುವುದು ಗೊತ್ತಾದರೆ ಮನೆ ಕೊಳ್ಳಬೇಕಾ ಬೇಡವಾ ಅಂತ ಅವರೇ ತೀರ್ಮಾನಿಸಬಲ್ಲರು.

ಗೋಡೆಗೆ ತೇವ ಬರುವ ದಾರಿಗಳು ಹಲವು. ಕೋಣೆಯ ಗಾಳಿಯಲ್ಲಿರುವ ತೇವವೇ ತಣ್ಣನೆ ಗೋಡೆಗೆ ತಾಗಿ ಕೂರಬಹುದು. ಕೋಣೆಯಲ್ಲಿ 25 ಡಿಗ್ರಿ, ತೇವಾಂಶ 70 ಶೇಕಡಾ ಅಂದುಕೊಳ್ಳಿ. ಗೋಡೆ 19 ಡಿಗ್ರಿಗೆ ಇಳಿದರೆ ನೀರು ಹನಿಗಟ್ಟುತ್ತದೆ. ಬೂಷ್ಟು ಅಷ್ಟರವರೆಗೂ ಕಾಯುವುದಿಲ್ಲ, ಗೋಡೆಯ ಮೈಗೆ ತಾಗಿದ ಗಾಳಿಯ ತೇವಾಂಶ 80 ಶೇಕಡಾ ಆದರೆ ಅದಕ್ಕೆ ಸಾಕು. ಈ ಲೆಕ್ಕದಲ್ಲಿ ಗೋಡೆ 23 ಡಿಗ್ರಿಗಿಂತ ಚೂರು ಕೆಳಗಿದ್ದರೂ ಆಯಿತು. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನ ಹಿಂದೆ ಗಾಳಿ ಆಡದೆ ಹೀಗೆ ಆಗುತ್ತದೆ. ಆದರೆ ಇಲ್ಲಿ ವಾರ್ಡ್‌ರೋಬ್ ಇದ್ದದ್ದು ಒಳಗೋಡೆಗೆ. ಜೊತೆಗೆ ಬೀಗ ಹಾಕಿದ ಮನೆಯಲ್ಲಿ ಅಡುಗೆ ಇಲ್ಲ, ಸ್ನಾನ ಇಲ್ಲ, ಉಸಿರಾಡುವವರೂ ಇಲ್ಲ. ಗಾಳಿಯಲ್ಲಿ ಅಷ್ಟು ತೇವ ಬರಲು ಮೂಲವೇ ಇಲ್ಲ. ಹಾಗಾಗಿ ಆ ದಾರಿ ಬಿಟ್ಟೆ.

ನೆಲದಿಂದ ಏರಿದ ತೇವವಾ? ಆಗಿದ್ದರೆ ಗೋಡೆಯ ಉದ್ದಕ್ಕೂ ಒಂದು ಪಟ್ಟಿ ಇರಬೇಕಿತ್ತು, ಹಾಲ್‌ನಲ್ಲಿದ್ದಂತೆ ಉಪ್ಪೂ ಇರಬೇಕಿತ್ತು. ಇಲ್ಲಿ ತೇವ ಒಂದು ಮೂಲೆಯಲ್ಲಿ ಜಾಸ್ತಿ, ಆ ಕಡೆ ಹೋದಂತೆ ಕಡಿಮೆ. ಮಳೆಯಾ? ಮಳೆ ನಿಂತು ಬಹಳ ದಿನವಾಗಿತ್ತು, ಇದು ಹೊರಗೋಡೆಯೂ ಅಲ್ಲ.

ಆ ಗೋಡೆಯ ಆಚೆ ಬದಿಗೆ ಇದ್ದದ್ದು ಕೆಳಗಿನ ಬಚ್ಚಲುಮನೆ. ಅಲ್ಲಿ ಎರಡು ಸಾಧ್ಯತೆ: ಟೈಲ್ಸ್ ಸಂದಿನಲ್ಲಿ, ಮೋರಿಯಲ್ಲಿ ಬಳಸಿದ ನೀರು ಇಳಿಯುವುದು, ಅಥವಾ ಗೋಡೆಯೊಳಗಿನ ನಲ್ಲಿ ಪೈಪು ಸೋರುವುದು. ಬಳಸಿದ ನೀರು ಬಳಸಿದಾಗ ಮಾತ್ರ ಇಳಿಯುತ್ತದೆ. ಮನೆ ತಿಂಗಳುಗಟ್ಟಲೆ ಖಾಲಿ ಇತ್ತು, ಆದರೂ ಮರದಲ್ಲಿ 27 ಶೇಕಡಾ ತೇವ. ಅಂದರೆ ನೀರು ಈಗಲೂ ಬರುತ್ತಿದೆ. ನಲ್ಲಿ ಪೈಪಿನಲ್ಲಿ ಹಗಲೂ ರಾತ್ರಿ ಒತ್ತಡ ಇರುತ್ತದೆ. ಅನುಮಾನ ಅಲ್ಲಿಗೆ ಹೋಗಿ ನಿಂತಿತು.

ಮಾರುವವರನ್ನು ಕೇಳಿದೆ, "ಹೋಗುವಾಗ ನೀರಿನ ಮೇನ್ ವಾಲ್ವ್ ಮುಚ್ಚಿದ್ರಾ?" ಇಲ್ಲ ಅಂದರು. ಕಳೆದ ಕೆಲವು ತಿಂಗಳ ನೀರಿನ ಬಿಲ್ ಕೇಳಿದೆ. ತಕ್ಷಣ ಮೊಬೈಲಿನಲ್ಲಿ ತೆಗೆದು ತೋರಿಸಿದರು. ಯಾರೂ ಇಲ್ಲದ ಮನೆಯಲ್ಲಿ ಪ್ರತಿ ತಿಂಗಳೂ ನೀರು ಖರ್ಚಾಗಿತ್ತು. ಬಿಲ್ ತಾನಾಗಿ ಕಟ್ಟಿಹೋಗುತ್ತಿದ್ದರಿಂದ ಅವರು ಗಮನಿಸಿರಲೇ ಇಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಬಚ್ಚಿಟ್ಟ ವಿಷಯ ಅಲ್ಲ ಇದು. ಗೋಡೆಯಲ್ಲಿ ಕಲೆ ಬಂದಿತ್ತು, ಬಣ್ಣದವರು "ಪುಟ್ಟಿ ಹಾಕಿ ಸರಿ ಮಾಡ್ತೀವಿ" ಅಂದರು, ಮಾಡಿಸಿದರು. ಇಷ್ಟೇ ನಡೆದದ್ದು. ಆದರೆ ಕಲೆಗೆ ಕಾರಣ ಹುಡುಕದೆ ಬಣ್ಣ ಬಳಿಯುವುದು ನನಗೆ ನಿಜಕ್ಕೂ ಬೇಸರ ತರುವ ಅಭ್ಯಾಸ. ಮಾಡಿಸಿದವರಿಗೆ ದುಡ್ಡು ದಂಡ, ಮುಂದೆ ಬರುವವರಿಗೆ ಆರೋಗ್ಯದ ಪ್ರಶ್ನೆ.

ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ಹತ್ತಿರ ಕೂತೆವು. ಅದರಲ್ಲಿನ ಸಣ್ಣ ಚಕ್ರ ನಿಧಾನಕ್ಕೆ ತಿರುಗುತ್ತಲೇ ಇತ್ತು. ಗಂಡ ಮೀಟರಿಗೆ ಬಗ್ಗಿ ಅದನ್ನೇ ನೋಡಿದರು, ಆಮೇಲೆ ತಮ್ಮ ಫೋನಿನಲ್ಲಿ ವೀಡಿಯೋ ತೆಗೆದುಕೊಂಡರು. ಕೆಳಗಿನ ಬಚ್ಚಲಿಗೆ ಹೋಗುವ ವಾಲ್ವ್ ಮುಚ್ಚಿದಾಗ ಚಕ್ರ ನಿಂತಿತು. (ಮೇಲೆ ಟ್ಯಾಂಕ್ ಇಟ್ಟು ಅದರಿಂದ ನೀರು ಬಿಡುವ ಮನೆಯಾದರೆ ಮೀಟರ್ ನೋಡಿ ಪ್ರಯೋಜನ ಇಲ್ಲ. ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ, ರಾತ್ರಿಯಿಡೀ ಯಾವ ನಲ್ಲಿಯನ್ನೂ ಬಿಡದೆ ಬೆಳಗ್ಗೆ ನೋಡಬೇಕು.)

ಹಲಗೆ ತೆಗೆಸಿದ್ದು

ಇಲ್ಲಿಯವರೆಗೆ ನಾವು ಏನನ್ನೂ ಒಡೆದಿರಲಿಲ್ಲ. ಬೂಷ್ಟು ಎಷ್ಟು ದೂರ ಹಬ್ಬಿದೆ ಅಂತ ತಿಳಿಯಲು ವಾರ್ಡ್‌ರೋಬಿನ ಹಿಂಬದಿ ಹಲಗೆ ತೆಗೆಯಲೇಬೇಕಿತ್ತು. ಮನೆ ಇನ್ನೂ ಮಾರುವವರದ್ದು. ಅವರ ಒಪ್ಪಿಗೆ ಇಲ್ಲದೆ ಒಂದು ಮೊಳೆ ಕೀಳುವಂತಿಲ್ಲ. ಮೊದಲು ಅವರು ಹಿಂದೇಟು ಹಾಕಿದರು. "ತೆಗೆದಮೇಲೆ ನೀವು ಬೇಡ ಅಂದುಬಿಟ್ರೆ?" ಅನ್ನುವುದು ಅವರ ಪ್ರಶ್ನೆ, ನ್ಯಾಯವಾದದ್ದೇ. ಕೊಳ್ಳುವವರು ಬಡಗಿಯ ಕೂಲಿ ತಾವೇ ಕೊಡುವುದಾಗಿ, ಕೊಳ್ಳದಿದ್ದರೆ ಹೊಸ ಹಲಗೆ ಹಾಕಿಸಿಕೊಡುವುದಾಗಿ ಬರೆದುಕೊಟ್ಟರು. ಆಮೇಲೆ ಮಾರುವವರು ಒಪ್ಪಿದರು.

ತೆಗೆಯುವ ದಿನ ಹುಡುಗನನ್ನು ಕರೆತರಲಿಲ್ಲ. ಕೋಣೆಯ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕಿಟಕಿಯಲ್ಲಿ ಗಾಳಿಯನ್ನು ಹೊರಕ್ಕೆ ತಳ್ಳುವಂತೆ ಫ್ಯಾನ್ ಇಟ್ಟೆವು, ಬೀಜಕಣಗಳು ಮನೆಯ ಒಳಕ್ಕೆ ಬರಬಾರದಲ್ವಾ. ಇನ್ನೊಂದು ಎಚ್ಚರಿಕೆಯೂ ಬೇಕಿತ್ತು. ಇಷ್ಟು ಹಳೆಯ ಮನೆಯ ಅಡಿಯ ಬಣ್ಣದಲ್ಲಿ ಸೀಸ ಇರಬಹುದು. ಅದರ ಧೂಳು ಮಕ್ಕಳಿಗೆ ಬೂಷ್ಟಿಗಿಂತ ಅಪಾಯ. ಹಾಗಾಗಿ ಹಳೆಯ ಬಣ್ಣವನ್ನು ಒಣಗಿದ್ದಾಗ ಕೆರೆಯಬೇಡಿ, ಉಜ್ಜುಕಾಗದ ಹಾಕಬೇಡಿ ಅಂತ ಬಡಗಿಗೆ ಮೊದಲೇ ಹೇಳಿದೆ.

ಹಲಗೆಯ ಹಿಂಬದಿಯನ್ನು ಬೂಷ್ಟು ಪೂರ್ತಿ ಆವರಿಸಿತ್ತು. ಕೆಳಗೆ ದಟ್ಟ ಕಪ್ಪು-ಹಸಿರು, ಮೇಲಕ್ಕೆ ಹೋದಂತೆ ಬೂದು ಚುಕ್ಕೆ. ಗೋಡೆಯ ಗಾರೆ ಮೂಲೆಯಲ್ಲಿ ಬೆರಳು ಒತ್ತಿದರೆ ಉದುರುವಷ್ಟು ಮೆತ್ತಗಾಗಿತ್ತು. ಹಲಗೆ ಮತ್ತು ಗೋಡೆ ಸೇರಿ ಎರಡು ಚದರ ಮೀಟರಿಗಿಂತ ಜಾಸ್ತಿ. ಮನೆಯವರೇ ತೊಳೆದುಕೊಳ್ಳಬಹುದಾದ ಮಿತಿಯನ್ನು ಇದು ಎಂದೋ ದಾಟಿತ್ತು. ಪ್ಲೈವುಡ್ ಉಳಿಸಿಕೊಳ್ಳುವ ಮಾತೇ ಇಲ್ಲ. ಪದರಗಳ ಒಳಗೆ ಇಳಿದ ಬೂಷ್ಟನ್ನು ತೊಳೆಯಲು ಆಗುವುದಿಲ್ಲ.

"ಬ್ಲೀಚ್ ಹಾಕಿದ್ರೆ ಸಾಯಲ್ವಾ?" ಅಂತ ಮಾರುವವರು ಕೇಳಿದರು. ಬ್ಲೀಚಿನಲ್ಲಿ ಬಹುಪಾಲು ನೀರು. ಮರ, ಗಾರೆಯಂಥ ಹೀರುವ ವಸ್ತುವಿನಲ್ಲಿ ನೀರು ಒಳಗಿಳಿಯುತ್ತದೆ, ಕೊಲ್ಲುವ ಅಂಶ ಮೇಲೆಯೇ ಮುಗಿದುಹೋಗುತ್ತದೆ. ಬಣ್ಣ ಬಿಳಿಯಾಗಿ ಹೋದಂತೆ ಕಾಣುತ್ತದೆ, ಬೇರು ಹಾಗೇ ಇರುತ್ತದೆ. ಜೊತೆಗೆ ಸತ್ತ ಬೂಷ್ಟೂ ಅಲರ್ಜಿ ತರುತ್ತದೆ. ಅದನ್ನು ಆ ಜಾಗದಿಂದ ತೆಗೆದು ಹೊರಗೆ ಹಾಕಬೇಕು, ಬೇರೆ ದಾರಿ ಇಲ್ಲ.

ಗಾಳಿ ಪರೀಕ್ಷೆ

ಹೆಂಡತಿ ಗಾಳಿ ಪರೀಕ್ಷೆ ಮಾಡಿಸೋಣವಾ ಅಂತ ಕೇಳಿದರು. ನಾನು ಬೇಡ ಅಂದೆ. ಬೂಷ್ಟು ಕಣ್ಣಿಗೆ ಕಾಣುತ್ತಿರುವಾಗ ಅದು ಇದೆ ಅಂತ ಹೇಳಿಸಿಕೊಳ್ಳಲು ದುಡ್ಡು ಯಾಕೆ? ಗಾಳಿಯಲ್ಲಿ ಇಷ್ಟು ಬೀಜಕಣ ಇದ್ದರೆ ಸುರಕ್ಷಿತ, ಇಷ್ಟಕ್ಕಿಂತ ಮೇಲೆ ಅಪಾಯ ಅನ್ನುವ ಒಪ್ಪಿತ ಮಿತಿಯನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಗೊತ್ತುಮಾಡಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಕೊಟ್ಟಿಲ್ಲ. ಬಾಗಿಲು ತೆಗೆದರೆ, ಯಾರಾದರೂ ನೆಲ ಗುಡಿಸಿದರೆ ಅಂಕಿ ಬದಲಾಗುತ್ತದೆ. ಒಂದು ಮಧ್ಯಾಹ್ನದ ಗಾಳಿ ಹಿಡಿದು "ಪಾಸ್" ಅಂತ ಬರೆದ ಕಾಗದ ನೋಡಿ ಮನೆ ಕೊಂಡವರನ್ನು ಕಂಡಿದ್ದೇನೆ. ಅವರ ಗೋಡೆಯೊಳಗೆ ನೀರು ಹರಿಯುತ್ತಲೇ ಇತ್ತು. ವಾಸನೆ ಇದೆ, ಏನೂ ಕಾಣುತ್ತಿಲ್ಲ, ತೆಗೆದು ನೋಡಲು ಮಾರುವವರು ಬಿಡುತ್ತಿಲ್ಲ ಅನ್ನುವಾಗ ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ಹೋಲಿಸಿ ನೋಡುವ ಪರೀಕ್ಷೆಗೆ ಸ್ವಲ್ಪ ಅರ್ಥ ಇದೆ. ನನ್ನನ್ನು ಕೇಳಿದರೆ, ತೆಗೆದು ನೋಡಲು ಬಿಡದ ಮನೆಯನ್ನು ಬಿಡುವುದೇ ಒಳ್ಳೆಯದು.

ಕರಾರಿನಲ್ಲಿ ಬರೆಸಿದ್ದು

ಈ ಮನೆ ಕೊಳ್ಳಬಹುದಾ? ಕೊಳ್ಳಬಹುದು, ಆದರೆ ಈಗಿನ ಸ್ಥಿತಿಯಲ್ಲಿ ಅಲ್ಲ ಅಂತ ವರದಿ ಕೊಟ್ಟೆ. ನೀರಿನ ಮೂಲ ಸಿಕ್ಕಿತ್ತು, ಅದು ಒಂದೇ ಆಗಿತ್ತು, ನಿಲ್ಲಿಸಲು ಸಾಧ್ಯವಿತ್ತು. ತಾರಸಿ, ಅಡಿಪಾಯ, ಉಳಿದ ಮರ ಎಲ್ಲ ಗಟ್ಟಿ. ನೀರು ಎಲ್ಲಿಂದ ಅಂತ ತಿಳಿಯದೇ ಹೋಗಿದ್ದರೆ ಬೇಡ ಅನ್ನುತ್ತಿದ್ದೆ, ಬೂಷ್ಟು ಅಂಗೈಯಗಲ ಇದ್ದರೂ ಸರಿ.

ಪೈಪು ಬದಲಾಯಿಸುವುದು, ಬೂಷ್ಟು ಹಿಡಿದ ಹಲಗೆ ಮತ್ತು ಗಾರೆ ತೆಗೆಯುವುದು, ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್‌ನಿಂದ ಕೋಣೆ ಶುಚಿ ಮಾಡಿಸುವುದು ಮಾರುವವರ ಪಾಲು ಅಂತ ಕರಾರಾಯಿತು. ಕೆಲಸ ಆದ ಮೇಲೆ, ಬಣ್ಣ ಹೊಡೆಯುವ ಮುಂಚೆ, ಗೋಡೆ ತೆರೆದಿರುವಾಗಲೇ ನಾನು ಮತ್ತೆ ನೋಡಬೇಕು ಅನ್ನುವ ಸಾಲನ್ನು ನಾನೇ ಒತ್ತಿ ಬರೆಸಿದೆ. ಗಾರೆ ಮೆತ್ತಿ ಬಣ್ಣ ಬಳಿದ ಮೇಲೆ ಕರೆದರೆ ನೋಡಲು ಏನೂ ಉಳಿದಿರುವುದಿಲ್ಲ. ಹತ್ತಿರದ ಮರದ ತೇವ 16 ಶೇಕಡಾಕ್ಕಿಂತ ಕೆಳಗೆ ಬರಬೇಕು, ಎಲ್ಲ ನಲ್ಲಿ ಮುಚ್ಚಿದಾಗ ನೀರಿನ ಮೀಟರ್ ನಿಂತಿರಬೇಕು ಅಂತ ಅಂಕಿ ಸಮೇತ ಬರೆಸಿದ್ದರಿಂದ ಮುಂದೆ ವಾದಕ್ಕೆ ಜಾಗ ಉಳಿಯಲಿಲ್ಲ.

ದಿನದ ವಿಷಯದಲ್ಲಿ ಮಾತ್ರ ಸ್ವಲ್ಪ ಎಳೆದಾಟ ಆಯಿತು. ಮಾರುವವರು ಎರಡು ವಾರದಲ್ಲಿ ಮುಗಿಸೋಣ ಅಂದರು. ನೆನೆದ ಇಟ್ಟಿಗೆ ಗೋಡೆ ಅಷ್ಟು ಬೇಗ ಒಣಗುವುದಿಲ್ಲ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಕಟ್ಟಡ ಕೆಲಸದವರ ಹಳೆಯ ಲೆಕ್ಕ. ಗಾರೆ ಕಿತ್ತು, ಗಾಳಿಯಾಡಲು ಬಿಟ್ಟು, ತೇವ ಹೀರುವ ಯಂತ್ರ ಇಟ್ಟರೆ ಬೇಗ ಆಗುತ್ತದೆ. ಇಲ್ಲಿ ಅದನ್ನೇ ಮಾಡಿದೆವು. ಎರಡನೇ ತಪಾಸಣೆಯಲ್ಲಿ ಮರದಲ್ಲಿ 15 ಬಂತು. ಗೋಡೆಯ ಮೇಲೆ ತೇವದ ಮೀಟರ್ ತೋರಿಸಿದ ಅಂಕಿ ಬೇರೆ ಗೋಡೆಗಳಿಗಿಂತ ಇನ್ನೂ ಸ್ವಲ್ಪ ಮೇಲಿತ್ತು, ಆದರೆ ಪ್ರತಿ ಸಲವೂ ಇಳಿಯುತ್ತಿತ್ತು. ನೀರಿನ ಮೀಟರಿನ ಚಕ್ರ ನಿಂತಿತ್ತು. ಮೂಗಿಗೆ ಏನೂ ಬರಲಿಲ್ಲ.

ಅವರು ಕೊಂಡರು. ಆ ಗೋಡೆಗೆ ಸದ್ಯ ಬಣ್ಣ ಬೇಡ, ಹೊಡೆಯುವಾಗ ಗೋಡೆಯ ತೇವ ಹೊರಗೆ ಬಿಡುವ ಸುಣ್ಣದ ಬಣ್ಣ ಹೊಡೆಯಿರಿ, ಪ್ಲಾಸ್ಟಿಕ್ ಪದರದಂಥ ಬಣ್ಣ ಬೇಡ ಅಂತ ಹೇಳಿದ್ದೇನೆ. ಹೊಸ ವಾರ್ಡ್‌ರೋಬನ್ನು ಗೋಡೆಯಿಂದ ಮೂರು ಬೆರಳು ಬಿಟ್ಟು, ಕಾಲುಗಳ ಮೇಲೆ ನಿಲ್ಲುವಂತೆ ಮಾಡಿಸಿದ್ದಾರೆ, ಬೇಕಾದಾಗ ಜರುಗಿಸಿ ಹಿಂದೆ ನೋಡಬಹುದು. ಕೋಣೆಯಲ್ಲಿ ತೇವಾಂಶ ತೋರಿಸುವ ಸಣ್ಣ ಯಂತ್ರ ಇಟ್ಟಿದ್ದಾರೆ. ಅದು 60 ದಾಟದ ಹಾಗೆ ನೋಡಿಕೊಳ್ಳಬೇಕು, 30ರಿಂದ 50ರ ನಡುವೆ ಇದ್ದರೆ ಇನ್ನೂ ಒಳ್ಳೆಯದು. ಗೋಡೆ ಪೂರ್ತಿ ಒಣಗುವವರೆಗೆ ಮಗನಿಗೆ ಮೇಲಿನ ಕೋಣೆ ಕೊಡಿ ಅಂತ ನಾನೂ ಹೇಳಿದ್ದೆ, ಅವನ ವೈದ್ಯರೂ ಅದನ್ನೇ ಹೇಳಿದರಂತೆ. ಈಗ ಅವನು ಮಲಗುವುದು ಅಲ್ಲೇ.